ಕಾಡುಕೋಣದ ಮುಂದೆ ಓಡದ ಲುಕೆಲೊ

ಕಾಡುಕೋಣ ಮೈಮೇಲೆ ನುಗ್ಗಿ ಬಂದರೂ ನಿಂತ ಜಾಗದಿಂದ ಕದಲದವನು ಲುಕೆಲೊ ಎಂದು ಇರಿಂಗಾ ಪೇಟೆಯಿಂದ ರುವಾಹ ಹೊಳೆಯವರೆಗೆ ಎಲ್ಲರೂ ಹೇಳುತ್ತಿದ್ದರು. ಅವನನ್ನು ಅಲ್ಲಿ ನಿಲ್ಲಿಸಿದ್ದು ಎದೆಗಾರಿಕೆಯಲ್ಲ, ಬೂಟಿನ ದಾರ ಎಂಬುದು ಮಪುಂದನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಹೊಟ್ಟೆಯಲ್ಲಿ ಇಟ್ಟುಕೊಂಡವನೂ ಅಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಬಿದಿರ ಹೆಂಡದ ಅಂಗಡಿಯಲ್ಲಿ, ಕಂಡಕಂಡವರ ಮುಂದೆ ಬಾಯಿಬಿಟ್ಟು ಹೇಳಿದ. ಒಬ್ಬನಾದರೂ ನಂಬಿದ್ದರೆ ಕೇಳಿ!

ಹೇಗೆ ನಂಬಿಯಾರು? ಲುಕೆಲೊ ಹೆಹೆ ಜನ, ಮಪುಂದ ನ್ಗೋನಿ ಜನ. ಅಜ್ಜಂದಿರ ಕಾಲದಲ್ಲಿ ಇವರೂ ಅವರೂ ಈಟಿ ಹಿಡಿದು ಕಾದಾಡಿದರು, ಯಾರೂ ಗೆಲ್ಲಲಿಲ್ಲ, ಕೊನೆಗೆ ಸಾಕಾಗಿ ರಾಜಿಯಾದರು. ಅಂದಿನಿಂದ ಎರಡು ಜನಕ್ಕೂ ಉತಾನಿ, ಎಂದರೆ ಗೇಲಿಯ ನಂಟು. ನ್ಗೋನಿಯವನು ಹೆಹೆಯವನನ್ನು ಏನು ಬೇಕಾದರೂ ಅನ್ನಬಹುದು, ಅವನ ತಟ್ಟೆಯ ಮಾಂಸಕ್ಕೆ ಕೈ ಹಾಕಬಹುದು, ಅವನ ಹೆಂಡತಿಯನ್ನು ನನ್ನ ಹೆಂಡತಿ ಎಂದು ಕೂಗಬಹುದು. ಹೆಹೆಯವನಿಗೂ ಅಷ್ಟೇ ಹಕ್ಕು. ಸಿಟ್ಟು ಮಾಡಿಕೊಂಡವನೇ ನಗೆಪಾಟಲು. ಹೀಗೆ ಗೇಲಿ ಮಾಡುವವನಿಗೆ ಮ್ತಾನಿ ಎಂದು ಹೆಸರು. ಮಗು ಚೆಲುವಾಗಿದ್ದರೆ ಮ್ತಾನಿ ಬಂದು 'ಥೂ, ಇದೇನು ಕಪ್ಪೆಮರಿ' ಎನ್ನಬೇಕು, ಆಗಲೇ ತಾಯಿಗೆ ಸಮಾಧಾನ. ಅಕಸ್ಮಾತ್ ಅವನೇನಾದರೂ ಹೊಗಳಿದನೋ, ಮಗುವಿಗೆ ಏನೋ ಕಾಯಿಲೆ ಇರಬೇಕು ಎಂದು ಆಕೆ ಆಸ್ಪತ್ರೆಗೆ ಓಡುತ್ತಾಳೆ. ಇಂಥ ಕಡೆ ಮಪುಂದ ಲುಕೆಲೊನನ್ನು ಹೇಡಿ ಎಂದರೆ ಊರು ಏನು ತಿಳಿಯಬೇಕು? ಸರಿಯಾಗಿ ತಿರುಗಾಮುರುಗಾ ತಿಳಿಯಿತು.

ನಡೆದದ್ದು ಇಷ್ಟು. ಹೊಳೆದಂಡೆಯ ಬೇಟೆ ಶಿಬಿರದಲ್ಲಿ ಲುಕೆಲೊ ಜಾಡು ಹಿಡಿಯುವವನು, ಮಪುಂದ ಬಿದ್ದ ಪ್ರಾಣಿಯ ಚರ್ಮ ಸುಲಿಯುವವನು. ಇಬ್ಬರ ಮೇಲೆ ಸ್ಟಾವ್ರೊ. ಮೂಲ ಗ್ರೀಕರ ಪೈಕಿ, ಹುಟ್ಟಿದ್ದು ಬೆಳೆದದ್ದು ಇರಿಂಗಾದಲ್ಲೇ, ಬೈಯಲು ನಿಂತರೆ ಸ್ವಾಹಿಲಿ ಬಿಟ್ಟು ಬೇರೆ ಭಾಷೆ ಬಾರದು. ಲೈಸೆನ್ಸ್ ಕೊಂಡು ಬರುವ ಪರದೇಶದ ಅತಿಥಿಗಳನ್ನು ಕಾಡಿಗೆ ಕರೆದೊಯ್ಯುವುದು, ಅವರ ಗುರಿ ತಪ್ಪಿದಾಗ ತಾನೇ ಹೊಡೆದು 'ನಿಮ್ಮ ಗುಂಡೇ ಸಾರ್' ಎನ್ನುವುದು ಅವನ ಕಸುಬು.

ಆ ವರ್ಷ ಗುಂಟರ್ ಎಂಬ ಜರ್ಮನ್ ಹಲ್ಲು ಡಾಕ್ಟರ್ ಬಂದ. ಅವನ ಸಾಮಾನು ನೋಡಿದರೆ ಬೇಟೆಗೆ ಬಂದನೋ ಅಂಗಡಿ ಇಡಲು ಬಂದನೋ ತಿಳಿಯುತ್ತಿರಲಿಲ್ಲ. ಮೈತುಂಬ ಜೇಬಿನ ಅಂಗಿ, ಜೇಬಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ. ಟೊಪ್ಪಿಗೆ ಗಲ್ಲದ ಕೆಳಗೆ ಕಟ್ಟುವ ಪಟ್ಟಿ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಲು ಪುಡಿ ಉಗುಳುವ ಬುಡ್ಡಿ. ನಮ್ಮವರು ಅದನ್ನು ಒಂದು ಚಿಟಿಕೆ ಒಲೆಬೂದಿಯಲ್ಲಿ ನೋಡುತ್ತಾರೆ ಎಂದಾಗ ಅವನು ಬುಡ್ಡಿಯ ಮುಚ್ಚಳ ತೆಗೆದು ಅದಕ್ಕೂ ಒಲೆಬೂದಿ ತುಂಬಿಸಿಕೊಂಡ. ಲುಕೆಲೊನ ಕಾಲಿನ ಟೈರ್ ಚಪ್ಪಲಿ ಕಂಡು ಅವನ ಕರುಳು ಚುರುಕ್ ಎಂದಿತು. ತನ್ನ ಎರಡನೇ ಜೊತೆ ಬೂಟು ತೆಗೆದುಕೊಟ್ಟ. ದಪ್ಪ ತೊಗಲು, ಮೀನಖಂಡದವರೆಗೆ ಎತ್ತರ, ಹಿತ್ತಾಳೆ ಕೊಕ್ಕೆ, ಆಡು ಕಟ್ಟಬಹುದಾದಷ್ಟು ಉದ್ದದ ದಾರ. ಲುಕೆಲೊ ಅದನ್ನು ಹಾಕಿಕೊಂಡು ಶಿಬಿರದ ಸುತ್ತ ಸುಮ್ಮನೆ ಎರಡು ಸಲ ನಡೆದ, ಎಲ್ಲರೂ ನೋಡಲಿ ಎಂದು.

"ಏನೋ ನನ್ನ ಆಳೇ, ಕಾಲಿಗೆ ಪೆಟ್ಟಿಗೆ ಹಾಕ್ಕೊಂಡಿದ್ದೀಯಾ? ಒಳಗೆ ಯಾರ್ನ ಮಲಗ್ಸಿದ್ದೀಯ?" ಎಂದ ಮಪುಂದ.

"ನಿಮ್ಮಜ್ಜನ್ನ. ಪಕ್ಕದಲ್ಲಿ ಇನ್ನೂ ಜಾಗ ಇದೆ, ನೀನೂ ಬಾ."

"ಆ ದಾರ ಮೊದಲು ಒಳಗೆ ಸೇರಿಸೋ, ಎಲ್ಲಾದ್ರೂ ಸಿಕ್ಹಾಕ್ಕೊಂಡೀತು."

"ಚಪ್ಪಲಿಗೆ ಟೈರು ಕೊಯ್ಯೋ ನ್ಗೋನಿಗೆ ಬೂಟಿನ ವಿಚಾರ ಏನ್ಗೊತ್ತು? ಜರ್ಮನ್ ಮಾಲು ಕಣೋ ಇದು!"

ಮರುದಿನ ಡಾಕ್ಟರ್ ಒಂಟಿ ಕೋಣಕ್ಕೆ ಗುರಿಯಿಟ್ಟು ಅದರ ಹೊಟ್ಟೆಗೆ ಹೊಡೆದ. ಹೊಟ್ಟೆಗೆ ಗುಂಡು ತಿಂದ ಕೋಣ ಬೇಗ ಸಾಯುವುದಿಲ್ಲ, ಮುಳ್ಳುಪೊದೆ ಹೊಕ್ಕು ಕಾದು ಕೂರುತ್ತದೆ. ಜಾಡು ನೋಡುತ್ತ ಲುಕೆಲೊ ಮುಂದೆ ಹೋದ, ಬಂದೂಕು ಹಿಡಿದ ಸ್ಟಾವ್ರೊ ಮತ್ತು ಡಾಕ್ಟರ್ ಅವನ ಹಿಂದೆ, ಚೂರಿ, ಉಪ್ಪಿನ ಚೀಲ ಹೊತ್ತ ಮಪುಂದ ಎಲ್ಲರಿಗಿಂತ ಹಿಂದೆ. ಜಾಡು ಹಿಡಿಯುವವನ ಕೈಯಲ್ಲಿ ಒಂದು ಕೋಲು ಬಿಟ್ಟರೆ ಏನೂ ಇರುವುದಿಲ್ಲ. ಕೋಣ ಎದ್ದಿತೆಂದರೆ ಅವನು ಪಕ್ಕಕ್ಕೆ ಹಾರಿ ಕಾಲಿಗೆ ಬುದ್ಧಿ ಹೇಳಬೇಕು, ಬಂದೂಕಿಗೆ ದಾರಿ ಬಿಡಬೇಕು. ಅದು ಹೇಡಿತನವಲ್ಲ, ಕೆಲಸವೇ ಅದು.

ಕೋಣ ಎದ್ದಿತು. ಮಪುಂದ ಉಪ್ಪಿನ ಚೀಲ ಬಿಸಾಕಿ ಜಾಲಿಮರ ಹತ್ತಿದ. ಮೈಗೆಲ್ಲ ಮುಳ್ಳು ಚುಚ್ಚಿದ್ದು ಗೊತ್ತಾದದ್ದು ಸಂಜೆಗೆ. ಮೇಲಿನಿಂದ ಅವನಿಗೆ ಎಲ್ಲವೂ ಸ್ಪಷ್ಟವಾಗಿ ಕಂಡಿತು. ಡಾಕ್ಟರ್ ಅಂಗಿಯ ಜೇಬು ಮುಳ್ಳಿಗೆ ಸಿಕ್ಕಿ ಮುಗ್ಗರಿಸಿ ಬಿದ್ದ. ಅವನ ಮುಂದಿದ್ದ ಲುಕೆಲೊ ಓಡಲು ತಿರುಗಿದ. ಅಷ್ಟರಲ್ಲಿ ಬಲಗಾಲ ಬೂಟಿನ ದಾರದ ಕುಣಿಕೆ ಸುಟ್ಟ ಮರದ ಮೋಟಿಗೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಮತ್ತೆ ಎಳೆದ. ಜರ್ಮನ್ ಮಾಲು, ಹರಿಯುತ್ತದೆಯೇ? ಕೊನೆಗೆ ಕೋಣದ ಕಡೆಗೇ ತಿರುಗಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಸೆಟೆದು ನಿಂತುಬಿಟ್ಟ. ತುಟಿ ಅಲುಗುತ್ತಿತ್ತು, ಅಮ್ಮನನ್ನು ಕರೆಯುತ್ತಿದ್ದ. ಸ್ಟಾವ್ರೊ ಅವನ ಹೆಗಲ ಪಕ್ಕದಿಂದ ಗುಂಡು ಹಾರಿಸಿದ. ಕೋಣ ಬಂದ ರಭಸಕ್ಕೆ ಜಾರಿಕೊಂಡು ಬಂದು ಲುಕೆಲೊನ ಬೂಟಿಗೆ ಮೂತಿ ತಾಗಿಸಿ ಬಿತ್ತು.

ನೆಲದ ಮೇಲೆ ಬಿದ್ದಿದ್ದ ಡಾಕ್ಟರಿಗೆ ಕಂಡದ್ದು, ತನಗೂ ಕೋಣಕ್ಕೂ ನಡುವೆ ಗೋಡೆಯಾಗಿ ನಿಂತ ಲುಕೆಲೊನ ಬೆನ್ನು. ಅವನು ಎದ್ದು ಬಂದು ಲುಕೆಲೊನನ್ನು ತಬ್ಬಿಕೊಂಡು ಗಳಗಳ ಅತ್ತ. ಸ್ಟಾವ್ರೊ ಟೊಪ್ಪಿ ತೆಗೆದ. "ನಿಂತ್ಬಿಟ್ಟೆಯಲ್ಲೋ ಮಹರಾಯ! ಇಷ್ಟು ವರ್ಷದಲ್ಲಿ ನಿಂತೋನ್ನ ನಾನು ನೋಡಿಲ್ಲ." ಲುಕೆಲೊನಿಗೆ ನಾಲಿಗೆ ಹೊರಳಲಿಲ್ಲ. ಮಾತಾಡದ್ದನ್ನೂ ಅವರು ದೊಡ್ಡ ಗುಣವೆಂದೇ ತಿಳಿದರು. ಅವರು ಕೋಣದ ಕೊಂಬಿನ ಅಳತೆ ನೋಡಲು ಬಗ್ಗಿದಾಗ ಅವನು ಮೆಲ್ಲಗೆ ಕೂತು ಮೋಟಿಗೆ ಸಿಕ್ಕಿದ ದಾರವನ್ನು ಸೊಂಟದಲ್ಲಿದ್ದ ಸಣ್ಣ ಚೂರಿಯಿಂದ ಕೊಯ್ದ. ತಲೆ ಎತ್ತಿದರೆ ಮರದ ಮೇಲೆ ಮಪುಂದ, ಬಾಯಿ ಕಿವಿಯವರೆಗೂ.

ಆ ದಾರದ ತುಂಡನ್ನು ಮಪುಂದ ಎತ್ತಿಕೊಂಡು ತನ್ನ ಚೂರಿಯ ಹಿಡಿಗೆ ಸುತ್ತಿಕೊಂಡ. ಸಂಜೆ ಶಿಬಿರದಲ್ಲಿ ಒಲೆಯ ಮುಂದೆ ಎಲ್ಲ ಸೇರಿದಾಗ ದಾರ ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಡುಗೆಯವನು ಕಣ್ಣೊರೆಸಿಕೊಳ್ಳುತ್ತ, "ಮ್ತಾನಿ ಅಂದ್ರೆ ಹಿಂಗಿರ್ಬೇಕು ನೋಡಿ! ಇಷ್ಟು ಉರ್ಕೊಂಡಿದ್ದಾನೆ ಅಂದ್ರೆ ಲುಕೆಲೊ ನಿಂತಿದ್ದು ನಿಜಾನೇ" ಎಂದ. ಅಲ್ಲಿಗೆ ಆ ಮಾತು ತೀರ್ಮಾನವಾಯಿತು.

ಬೆಳಿಗ್ಗೆ ಹೊಳೆಗೆ ನೀರು ತರಲು ಹೋದಾಗ ಲುಕೆಲೊ ಮಪುಂದನ ಕೈ ಹಿಡಿದುಕೊಂಡ. "ನಿನ್ನ ದಮ್ಮಯ್ಯ ಅಂತೀನಿ, ಇನ್ನು ಸಾಕು ಮಾಡು. ಯಾರಾದ್ರೂ ನಂಬಿಬಿಟ್ರೆ ನಾನು ಮುಖ ಎತ್ಕೊಂಡು ತಿರುಗೋ ಹಂಗಿಲ್ಲ."

"ದಡ್ಡ, ನಾನು ಸುಮ್ಮನಾದ್ರೆ ಅಲ್ವಾ ಅನುಮಾನ ಬರೋದು?" ಎಂದ ಮಪುಂದ. "ಮ್ತಾನಿ ಬಾಯಿ ಯಾಕೆ ಮುಚ್ತು ಅಂತ ಕೇಳ್ತಾರೆ. ನಿನ್ನ ಮಾನ ಇರೋದು ನನ್ನ ಬೈಗುಳದಲ್ಲಿ. ಹೋಗು, ನನ್ನ ಬಿಂದಿಗೇನೂ ಹೊರು."

ಲುಕೆಲೊ ಯೋಚಿಸಿ ನೋಡಿದ. ಹೌದೆನ್ನಿಸಿತು. ಎರಡೂ ಬಿಂದಿಗೆ ಹೊತ್ತ.

ಹೆಸರು ಬಂತು, ಅದರ ಜೊತೆ ಗ್ರಹಚಾರವೂ ಬಂತು. ಓಡದವನು ಬೇಕು ಎಂದು ಅತಿಥಿಗಳು ಮೊದಲೇ ಹೇಳಿ ಕಳಿಸತೊಡಗಿದರು. ಗಾಯಗೊಂಡ ಪ್ರಾಣಿ ಯಾವ ಪೊದೆ ಹೊಕ್ಕರೂ ಸ್ಟಾವ್ರೊ, "ಲುಕೆಲೊ ಮುಂದೆ ಹೋಗಲಿ, ಅವನಿಗೇನು" ಎನ್ನುತ್ತಿದ್ದ. ಬೇರೆಯವರಿಗೆ ಓಡುವ ಸ್ವಾತಂತ್ರ್ಯವಿತ್ತು, ಇವನಿಗೆ ಮಾತ್ರ ಇಲ್ಲ. ಬೇಟೆಯ ಕಾಲ ಬಂತೆಂದರೆ ಲುಕೆಲೊನಿಗೆ ಉಗಾಲಿ ಮುದ್ದೆ ಗಂಟಲಿನಿಂದ ಇಳಿಯುತ್ತಿರಲಿಲ್ಲ. ಇನ್ನೊಂದು ಸಲ ಕೋಣ ಎದ್ದರೆ ಓಡದೆ ಇರಲು ತನ್ನಿಂದಾಗದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಓಡಿದರೆ ಹೆಸರು ಹೋಗುತ್ತದೆ, ನಿಂತರೆ ಜೀವ ಹೋಗುತ್ತದೆ. ಹೆಸರು ಹೋದರೂ ಜೀವ ಉಳಿಯಲಿ ಎಂದು ಅವನು ಒಳಗೊಳಗೇ ತಯಾರಿ ಶುರುಮಾಡಿದ.

ತಯಾರಿ ಎಂದರೆ ಉಡುಗೆ ತೊಡುಗೆಯದು. ಕಾಡಿಗೆ ಏನು ತೊಡಬೇಕು, ಏನು ಹೊರಬೇಕು ಎಂದು ಯಾರು ಕೇಳಿದರೂ ಅವನು ಒಂದೇ ಲೆಕ್ಕದಲ್ಲಿ ಉತ್ತರ ಕೊಡುತ್ತಿದ್ದ: ಹಾಕಿಕೊಂಡು ಓಡಲು ಬರುತ್ತದೋ ಇಲ್ಲವೋ. ದಾರದ ಬೂಟು ಬೇಡ ಎಂದ. ಜೇಬಿನ ಅಂಗಿ ಬೇಡ, ಟೊಪ್ಪಿಗೆ ಪಟ್ಟಿ ಬೇಡ. ಬೆನ್ನುಚೀಲ ಒಂದು ಸಲ ಹೆಗಲು ಕೊಡವಿದರೆ ಕೆಳಗೆ ಬೀಳುವಂತಿರಬೇಕು. ಪ್ಯಾಂಟಿನ ಕಾಲು ಗಿಡ್ಡವಿರಲಿ. ಹೊಸ ಬೂಟು ಕಾಡಿಗೆ ತರಲೇಬೇಡಿ, ಊರಲ್ಲಿ ಸವೆಸಿ ತನ್ನಿ. ಅತಿಥಿಗಳು ತಲೆದೂಗುತ್ತಿದ್ದರು. ಸ್ಟಾವ್ರೊ ಒಂದೊಂದಕ್ಕೂ ಗೂಢಾರ್ಥ ಹೇಳುತ್ತಿದ್ದ. "ನೋಡಿ, ದಾರ ಒಣಹುಲ್ಲಿಗೆ ತಾಗಿದ್ರೆ ಸದ್ದು. ಜೇಬಿನ ಗುಂಡಿ ಬಿಸಿಲಿಗೆ ಹೊಳೆಯುತ್ತೆ. ಇವನು ಪ್ರಾಣಿಯ ಕಣ್ಣಲ್ಲಿ, ಕಿವೀಲಿ ಯೋಚನೆ ಮಾಡ್ತಾನೆ." ಲುಕೆಲೊ ನೆಲ ನೋಡುತ್ತ ನಿಲ್ಲುತ್ತಿದ್ದ. ಮಪುಂದ ಸುಮ್ಮನಿರುವವನೇ? "ಸುಳ್ಳು ಸಾರ್, ಅವನು ಯೋಚನೆ ಮಾಡೋದು ತನ್ನ ಕಾಲಲ್ಲಿ!" ಎಂದು ಚರ್ಮದ ರಾಶಿಯ ಹಿಂದಿನಿಂದ ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅತಿಥಿಗೆ ಲುಕೆಲೊನ ಮೇಲೆ ಭಕ್ತಿ ಇನ್ನಷ್ಟು ಹೆಚ್ಚುತ್ತಿತ್ತು.

ಬೇಟೆ ಮುಗಿಸಿ ಹೊರಡುವಾಗ ಸಾಮಾನನ್ನು ಜಾಡು ಹಿಡಿದವನಿಗೆ ಬಿಟ್ಟುಹೋಗುವುದು ನಮ್ಮಲ್ಲಿ ರೂಢಿ. ಹಾಗಾಗಿ ಲುಕೆಲೊನ ಮನೆ ತುಂಬಿತು. ರಷ್ಯಾದವನು ಬಿಟ್ಟ ತುಪ್ಪಳದ ಟೊಪ್ಪಿಯಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಎಲೆ ಚಿತ್ರದ ಮಳೆಯಂಗಿಯನ್ನು ಅವನ ಹೆಂಡತಿ ಜೋಳದ ರಾಶಿಗೆ ಹೊದಿಸಿ, ಆಮೇಲೆ ರಾಶಿ ಎಲ್ಲಿದೆ ಎಂದು ಹುಡುಕಿದಳೆಂದು ಮಪುಂದ ಸಾರಿದ. ಮಗಳು ವುಮಿಯ ಹೆಸರಿನಿಂದ ಆಕೆಯನ್ನು ಎಲ್ಲರೂ ಮಾಮಾ ವುಮಿ, ಎಂದರೆ ವುಮಿಯ ಅಮ್ಮ, ಎನ್ನುತ್ತಿದ್ದರು. ಗಂಡನ ಹೆಸರಿನ ಮೇಲೆ ಅವಳಿಗೆ ಎಷ್ಟು ಹೆಮ್ಮೆ ಎಂದರೆ, ಬಾವಿಕಟ್ಟೆಯಲ್ಲಿ ಯಾವ ಹೆಂಗಸೂ ಅವಳಿಗಿಂತ ಮೊದಲು ಬಿಂದಿಗೆ ಇಳಿಸುತ್ತಿರಲಿಲ್ಲ.

ಆ ರಾಶಿಯಲ್ಲಿ ಲುಕೆಲೊ ತನಗೆಂದು ಆರಿಸಿಕೊಂಡದ್ದು ಒಂದೇ. ಜೋಹಾನ್ಸ್‌ಬರ್ಗಿನ ಒಬ್ಬಾಕೆ ಕೊಟ್ಟ ಬೂಟು, ಮಗ್ಗುಲಲ್ಲಿ ರಬ್ಬರ್ ಪಟ್ಟಿ, ದಾರವಿಲ್ಲ, ಕೊಕ್ಕೆಯಿಲ್ಲ. ಹಿಮ್ಮಡಿ ಒತ್ತಿದರೆ ಸಾಕು, ಕಾಲಿನಿಂದ ಹಾರಿಹೋಗುತ್ತಿತ್ತು. ಅದನ್ನು ಹಾಕಿಕೊಂಡು ಬೆಳಗಾಗೆದ್ದು ಹಿತ್ತಿಲಲ್ಲಿ ಆನೆಹುಣಸೆ ಮರದವರೆಗೆ ಓಡಿ ಓಡಿ ನೋಡುತ್ತಿದ್ದ. ಈ ವಯಸ್ಸಲ್ಲೂ ಮೈ ದಣಿಸುತ್ತಾರಲ್ಲ ಎಂದು ಮಾಮಾ ವುಮಿ ಅದಕ್ಕೂ ಹಿಗ್ಗಿದಳು.

ವರ್ಷಗಳು ಉರುಳಿದವು. ಇಬ್ಬರ ತಲೆಯೂ ನರೆಯಿತು, ಮಪುಂದನ ಸೊಂಟ ಹಿಡಿದುಕೊಂಡು ಮರ ಹತ್ತುವುದು ನಿಂತಿತು. ಒಮ್ಮೆ ಸ್ಪೇನಿನ ಇಟ್ಟಿಗೆ ವ್ಯಾಪಾರಿಯೊಬ್ಬ ಹೊಳೆದಂಡೆಯಲ್ಲಿ ಕೋಣವೊಂದಕ್ಕೆ ಹೊಡೆದ. ಅದು ಆಳೆತ್ತರದ ಆಪು ಹುಲ್ಲಿನೊಳಗೆ ಹೋಗಿ ಬಿತ್ತು. ಉದ್ದಕ್ಕೆ ಒರಲಿದ್ದು ಕೇಳಿಸಿತು. ಸಾಯುವ ಕೋಣದ ಕೂಗು ಅದು, ಮುಗಿಯಿತು ಎಂದು ಸ್ಟಾವ್ರೊ ಅತಿಥಿಯನ್ನು ಕರೆದುಕೊಂಡು ಜೀಪು ತರಲು ಹೋದ. ಲುಕೆಲೊ, ಮಪುಂದ ಇಬ್ಬರೇ ಒಳಗೆ ಹೋದರು.

"ನಿನ್ನ ಬೂಟು ನೋಡಿದ್ರೆ ನಿಮ್ಮಮ್ಮನ ಕಾಲು ನೆನಪಾಗುತ್ತೆ ಕಣೋ," ಎನ್ನುತ್ತ ಮಪುಂದ ಚೂರಿ ತೆಗೆದ.

"ನಿನ್ನ ಚಪ್ಪಲಿ ನೋಡಿದ್ರೆ ಪಂಕ್ಚರ್ ಅಂಗಡಿ ನೆನಪಾಗುತ್ತೆ," ಎಂದ ಲುಕೆಲೊ.

ಸತ್ತ ಕೋಣ ಎದ್ದು ನಿಂತಿತು. ಮಪುಂದ ತಿರುಗಿದ, ಚಪ್ಪಲಿಯ ಪಟ್ಟಿ ಕಿತ್ತು ಹುಲ್ಲಿನಲ್ಲಿ ಮುಖ ಅಡಿಯಾಗಿ ಬಿದ್ದ. ತಲೆ ಎತ್ತಿ ನೋಡಿದರೆ ಲುಕೆಲೊ ಓಡುತ್ತಿದ್ದಾನೆ. ಏನು ಓಟ ಅದು! ಇಷ್ಟು ವರ್ಷ ಹಿತ್ತಿಲಲ್ಲಿ ಸಾಧನೆ ಮಾಡಿದ್ದೆಲ್ಲ ಆ ಕಾಲಿನಲ್ಲಿತ್ತು. ಹೋಗಲಿ, ಒಬ್ಬನಾದರೂ ಉಳಿಯಲಿ ಎಂದುಕೊಂಡು ಮಪುಂದ ಕಣ್ಣು ಮುಚ್ಚಿದ. ಕೊಂಬು ಬರಲಿಲ್ಲ, ಬೈಗುಳ ಬಂತು. ಕಣ್ಣು ತೆರೆದರೆ ಹುತ್ತದವರೆಗೆ ಓಡಿದ್ದ ಲುಕೆಲೊ ವಾಪಸು ಬಂದು ಅವನಿಗೂ ಕೋಣಕ್ಕೂ ನಡುವೆ ನಿಂತಿದ್ದ. ಅರಚುತ್ತಿದ್ದ. ಹಿಮ್ಮಡಿ ಒತ್ತಿ ಒಂದು ಬೂಟು ಕಳಚಿ ಕೋಣದ ಮೂತಿಗೆ ಬೀಸಿ ಹೊಡೆದ. ಕೋಣ ತಲೆ ಕೊಡವಿ ಅವನ ಕಡೆಗೆ ತಿರುಗಿತು. ಅವನು ಇನ್ನೊಂದನ್ನೂ ಕಳಚಿ ಹೊಡೆದ, ಬರಿಗಾಲಲ್ಲಿ ನಿಂತ. ಕಣ್ಣು ತೆರೆದೇ ಇತ್ತು. ಮರಳಿ ಬಂದ ಜೀಪಿನ ಮೇಲಿನಿಂದ ಸ್ಟಾವ್ರೊನ ಗುಂಡು ಹಾರಿದ್ದು ಆಮೇಲೆ.

ಸ್ಟಾವ್ರೊಗೆ ಎತ್ತರದಿಂದ ಕಂಡದ್ದು ಕೋಣ ಬಿದ್ದದ್ದು, ಅದರ ಮುಂದೆ ಲುಕೆಲೊ ನಿಂತದ್ದು. ಯಾವಾಗಲೂ ನಿಲ್ಲುವವನು ಇವತ್ತೂ ನಿಂತ, ಅದರಲ್ಲೇನು? ಹುಲ್ಲಿನಲ್ಲಿ ಬಿದ್ದಿದ್ದ ಮಪುಂದ ಅವನಿಗೆ ಕಾಣಲೇ ಇಲ್ಲ. ಮಪುಂದ ತೆವಳಿಕೊಂಡು ಬಂದು ಲುಕೆಲೊನ ಎರಡು ಕಾಲನ್ನೂ ಹಿಡಿದುಕೊಂಡ. "ಅಣ್ಣಾ," ಎಂದ. ಹುಟ್ಟಿದಾಗಿನಿಂದ ಯಾವ ಹೆಹೆಯವನನ್ನೂ ಅವನು ಹಾಗೆ ಕರೆದವನಲ್ಲ.

ಲುಕೆಲೊನಿಗೆ ನೆತ್ತಿಗೇರಿತು. "ಏನಂದೆ? ಅಣ್ಣಾನಾ? ಬಾಯಿ ಮುಚ್ಚು! ಬೈಯೋ ನನ್ನ, ಈಗ್ಲೇ ಬೈಯಿ, ಅವ್ರು ಬರ್ತಿದ್ದಾರೆ."

"ಬೈಯಕ್ಕಾಗಲ್ಲ. ನೀನು ವಾಪಸ್ ಬಂದೆಯಲ್ಲೋ..."

"ಬಂದೆ, ತಪ್ಪಾಯ್ತು. ನೋಡು, ನೀನು ಹೊಗಳಿದ್ರೆ ಊರೆಲ್ಲ ನಾನು ಓಡಿದೆ ಅಂದ್ಕೊಳುತ್ತೆ. ಇಷ್ಟು ವರ್ಷ ಸುಳ್ಳು ಹೆಸರು ಹೊತ್ತೆ. ಇವತ್ತೊಂದು ದಿನ ನಿಜವಾಗ್ಲೂ ನಿಂತಿದ್ದೀನಿ. ಇದನ್ನೂ ಕಳೀಬೇಡ ಮಾರಾಯ, ಓಡಿದ ಅಂತಲೇ ಹೇಳು."

ಮಪುಂದ ಹಾಗೆಯೇ ಹೇಳಿದ. ಬೂಟು ಎರಡೂ ಕಾಲಿನಿಂದ ಹಾರಿಹೋಗುವಷ್ಟು ಜೋರಾಗಿ ಓಡಿದ ಎಂದು ಶಿಬಿರದಲ್ಲಿ ಕುಣಿದು ತೋರಿಸಿದ. ಜನ ಬಿದ್ದು ಬಿದ್ದು ನಕ್ಕರು, ಲುಕೆಲೊ ನಿಂತದ್ದು ಮತ್ತೊಮ್ಮೆ ಖಾತ್ರಿಯಾಯಿತು. ಆದರೆ ಅಂದಿನಿಂದ ಮಪುಂದನ ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡಿತು. ದಿನವೂ ಲುಕೆಲೊನನ್ನು ಬಾಯಿಗೆ ಬಂದಂತೆ ಬೈದು ಮನೆಗೆ ಹೋಗಿ ಮಲಗುವಾಗ, ಇವತ್ತೂ ಹೇಳಲಿಲ್ಲವಲ್ಲ ಎಂದು ಗೋಡೆಯ ಕಡೆ ಹೊರಳುತ್ತಿದ್ದ. ಜೀವ ಉಳಿಸಿದವನಿಗೆ ಒಂದು ಒಳ್ಳೆ ಮಾತು ಹೇಳಲಾಗದ ನಂಟೂ ಒಂದು ನಂಟೇ? ಎಂದು ತನ್ನ ಜನವನ್ನೂ ಅವರ ಜನವನ್ನೂ ಸೇರಿಸಿ ಶಪಿಸಿದ.

ಲುಕೆಲೊ ಸತ್ತದ್ದು ಕೋಣದಿಂದಲ್ಲ. ಬೇಟೆ ಮುಚ್ಚಿದ ಮಳೆಗಾಲದಲ್ಲಿ ಜ್ವರ ಬಂತು, ಆಸ್ಪತ್ರೆಗೆ ಒಯ್ದರು, ಹೋದ. ಇಷ್ಟು ಸಾಧಾರಣವಾಗಿ ಸಾಯಲು ಅವನಿಗೆ ಹಕ್ಕಿಲ್ಲವೆಂಬಂತೆ ಜನ ಗೊಣಗಿದರು.

ಮ್ತಾನಿಗೆ ಸಾವಿನ ಮನೆಯಲ್ಲೂ ಕೆಲಸವಿದೆ. ಸತ್ತವನ ಬಟ್ಟೆ ತೊಟ್ಟು ಅವನಂತೆ ನಡೆದು ತೋರಿಸಬೇಕು, ಅಳುವವರನ್ನು ನಗಿಸಬೇಕು, ತೋಡಿದ ಗುಂಡಿಗೆ ಇಳಿದು ಕೂತು ಹೆಣ ಇಳಿಸಲು ಬಿಡದೆ ಸತ್ತವನನ್ನು ಬೈಯಬೇಕು. ಮನೆಯವರು ಏನಾದರೂ ಕೊಟ್ಟು ಸಮಾಧಾನ ಮಾಡಿದ ಮೇಲೆಯೇ ಅವನು ಮೇಲೆ ಬರುವುದು. ಮಪುಂದ ಲುಕೆಲೊನ ಅಂಗಿ ತೊಟ್ಟ, ರಬ್ಬರ್ ಪಟ್ಟಿಯ ಬೂಟು ಹಾಕಿಕೊಂಡ, ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಗೆ ಇಳಿದ. ಜನ ನಗಲು ತಯಾರಾಗಿ ಸುತ್ತ ನಿಂತರು. ಮಾಮಾ ವುಮಿಯನ್ನು ಹೆಂಗಸರು ಹಿಡಿದುಕೊಂಡಿದ್ದರು. ಕೋಲೂರಿಕೊಂಡು ಸ್ಟಾವ್ರೊನೂ ಬಂದಿದ್ದ.

ಗುಂಡಿಯ ತಂಪು ಮಣ್ಣಿನಲ್ಲಿ ನಿಂತ ಮಪುಂದನಿಗೆ ಬೈಗುಳ ಬಾಯಿಗೆ ಬರಲಿಲ್ಲ. ಇನ್ನು ಯಾವಾಗ ಹೇಳುವುದು ಎನ್ನಿಸಿತು. "ಕೇಳಿ," ಎಂದ. "ಈ ಮನುಷ್ಯ ಹೊಳೆದಂಡೇಲಿ ನನ್ನ ಜೀವ ಉಳಿಸಿದ. ಕಾಲಿಗೆ ದಾರ ಇರ್ಲಿಲ್ಲ, ಓಡ್ಬಹುದಿತ್ತು. ಓಡಿದೋನು ತಿರುಗಿ ಬಂದು ಕೋಣದ ಮುಂದೆ ನಿಂತ. ಇವನಂಥ ಗಂಡು ನಮ್ಮ ನ್ಗೋನೀಲಿ ಒಬ್ಬನೂ ಇಲ್ಲ."

ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಲುಕೆಲೊನ ಬೀಗ, ವುಮಿಯ ಮಾವ, ಪಕ್ಕದವನ ಕಿವಿಗೆ ಬಗ್ಗಿ, "ಏನ್ರೀ ಇದು, ಮ್ತಾನಿ ಹೊಗಳ್ತಿದ್ದಾನೆ! ಹಂಗಾದ್ರೆ ಓಡಿದ್ದು ನಿಜಾನಾ?" ಎಂದದ್ದು ಗುಂಡಿಯೊಳಕ್ಕೂ ಕೇಳಿಸಿತು. "ಅಯ್ಯೋ ಪಾಪ, ಸತ್ತೋನ ಮಾನ ಮುಚ್ಚೋಕೆ ನೋಡ್ತಿದ್ದಾನೆ," ಎಂದಳು ಒಬ್ಬ ಮುದುಕಿ. ಸ್ಟಾವ್ರೊ ಕೋಲಿನ ಮೇಲೆ ಗಲ್ಲ ಇಟ್ಟು, "ನಾನು ನೋಡಿದ್ದೂ ಬೆನ್ನಷ್ಟೇ," ಎಂದು ತನಗೇ ಹೇಳಿಕೊಂಡ.

"ಆಣೆ ಮಾಡ್ತೀನಿ!" ಎಂದು ಮಪುಂದ ಕೂಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನಿಂತ ಕಣ್ರೋ, ನಿಜವಾಗ್ಲೂ ನಿಂತ!"

ಆಣೆ ಬೇರೆ ಮಾಡಿದನೇ! ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಪುಂದ ತಲೆ ಎತ್ತಿ ಮಾಮಾ ವುಮಿಯನ್ನು ನೋಡಿದ. ಗಂಡ ಸತ್ತಾಗಲೂ ನೆಟ್ಟಗಿದ್ದ ಅವಳ ಕತ್ತು ಈಗ ಬಗ್ಗಿತ್ತು. ಬಾವಿಕಟ್ಟೆಯ ಹೆಂಗಸರು ಅವಳ ತೋಳನ್ನು ಮೆಲ್ಲಗೆ ಬಿಟ್ಟಿದ್ದರು. ಆಗ ಅವನಿಗೆ ತಾನು ಮಾಡುತ್ತಿರುವುದೇನು ಎಂದು ಹೊಳೆಯಿತು. ಆಗಲೇ ಸತ್ತಿದ್ದವನನ್ನು ತಾನು ಈಗ ಕೊಲ್ಲುತ್ತಿದ್ದೇನೆ.

ಮೂಗು ಒರೆಸಿಕೊಂಡ. ಸೊಂಟದ ಮೇಲೆ ಕೈಯಿಟ್ಟ.

"ನಂಬಿಬಿಟ್ರಾ?" ಎಂದು ಗಂಟಲು ಹರಿಯುವಂತೆ ಕಿರುಚಿದ. "ಹೆಹೆಗಳ ತಲೇಲಿ ಇರೋದು ಜೋಳದ ಹಿಟ್ಟೇ! ನಿಂತನಂತೆ ನಿಂತ! ಓಡಿದ ಕಣ್ರೋ, ಬಾಲ ಮುದುರ್ಕೊಂಡು ಓಡಿದ! ಮೊದಲ್ನೇ ಸಲ ದಾರ ಹಿಡ್ಕೊಳ್ತು, ಎರಡನೇ ಸಲ ದಾರಾನೂ ಇರ್ಲಿಲ್ಲ, ಬೂಟು ಬಿಟ್ಟು ಓಡಿದ! ಎದ್ದೇಳೋ ಹೇಡಿ, ಎದ್ದು ಇವ್ರಿಗೆ ಹೇಳೋ! ನನ್ನ ಹುಲ್ಲಲ್ಲಿ ಬಿಟ್ಟು ಹೋದ್ಯಲ್ಲೋ, ಈಗ್ಲೂ ನನ್ನ ಬಿಟ್ಟು ಹೋಗ್ತಿದ್ದೀಯಲ್ಲೋ ಕಳ್ಳ, ಓಡೋದು ಬಿಟ್ಟು ಇನ್ನೇನು ಗೊತ್ತು ನಿಂಗೆ!"

ಅಳು ತಡೆಯಲಾಗದೆ ಅವನು ಬೂಟು ಕಳಚಿ ಗುಂಡಿಯ ಗೋಡೆಗೆ ಹೊಡೆದ. ಮೇಲೆ ಗೊಳ್ಳೆಂದು ನಗು ಎದ್ದಿತು. ನಕ್ಕವರೇ ಅಳತೊಡಗಿದರು. "ಎಂಥಾ ಗಂಡಸನ್ನ ಕಳ್ಕೊಂಡ್ವಿ!" ಎಂದಳು ಮುದುಕಿ. "ಆ ಹೊಗಳಿಕೆ ಬರೀ ಆಟ ಕಣ್ರೀ, ಒಂದು ಗಳಿಗೆ ನಾನೂ ನಂಬಿಬಿಟ್ಟಿದ್ದೆ," ಎಂದ ವುಮಿಯ ಮಾವ. ಸ್ಟಾವ್ರೊ ಟೊಪ್ಪಿ ತೆಗೆದ. ಮಾಮಾ ವುಮಿ ಕತ್ತು ನೆಟ್ಟಗೆ ಮಾಡಿ ಗುಂಡಿಯ ಅಂಚಿಗೆ ಬಂದು, ಮೇಲೆ ಬಾ ಎಂದು ಒಂದು ಹುಂಜ ಕೊಟ್ಟಳು. ಮಪುಂದ ಚೂರಿಯ ಹಿಡಿಗೆ ಸುತ್ತಿದ್ದ ದಾರವನ್ನು ಬಿಚ್ಚಿ, ಯಾರಿಗೂ ಕಾಣದಂತೆ ಮಣ್ಣೊಳಗೆ ಒತ್ತಿ ಮೇಲೆ ಬಂದ.

ಸಂಜೆ ಊಟಕ್ಕೆ ಕೂತಾಗ ಮಾಮಾ ವುಮಿ ಅವನ ಎದುರು ಬಂದು ಕುಕ್ಕರಿಸಿದಳು. ಧ್ವನಿ ತಗ್ಗಿಸಿ, "ಗುಂಡೀಲಿ ಎರಡು ಥರ ಹೇಳಿದ್ಯಲ್ಲ ಮ್ತಾನಿ, ನಂಗೊಬ್ಬಳಿಗೆ ಹೇಳು. ಯಾವುದು ನಿಜ?" ಎಂದಳು.

ಮಪುಂದನ ಬಾಯಿತುದಿಯವರೆಗೂ ಬಂದಿತ್ತು. ಮುದ್ದೆಯ ಜೊತೆ ನುಂಗಿಕೊಂಡ.

"ಓಡಿದ ಕಣಮ್ಮ," ಎಂದ. "ನೀನು ಕಟ್ಕೊಂಡಿದ್ದು ಶುದ್ಧ ಹೇಡೀನ."

"ನಂಗೊತ್ತಿತ್ತು," ಎಂದಳು ಮಾಮಾ ವುಮಿ. ಹೊದ್ದಿದ್ದ ಕಾಂಗಾ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕಳು, ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.